ಸರ್ವರ್ ಬಂದಿಲ್ಲ

ಮನುಷ್ಯರಂತೆ ಮಾತುಗಳಿಗೂ ಗ್ರಹಗತಿಯುಂಟು. ನಿನ್ನೆ ಆಳಾಗಿದ್ದ ಮಾತು ಇಂದು ಅರಸಾಗಿಬಿಡುತ್ತದೆ. ‘ಸರ್ವರ್’ ಎಂಬುದನ್ನೇ ನೋಡಿ. ಈ ಮಾತು ನಮಗೆ ಮೊದಲು ಸಿಕ್ಕಿದ್ದು ಹೋಟೆಲಿನಲ್ಲಿ. ಹೆಗಲ ಮೇಲೆ ಅರಿವೆ, ಕೈಯಲ್ಲಿ ನಾಲ್ಕು ಗ್ಲಾಸು ನೀರು; ಕರೆದೊಡನೆ ‘ಬಂದೆ ಸಾರ್’ ಎನ್ನುವವನು ಸರ್ವರ್. ಈಗಿನ ಸರ್ವರ್ ಕರೆದರೆ ಬರುವಂಥದಲ್ಲ. ಎಲ್ಲಿಯೋ ತಂಪು ಕೋಣೆಯಲ್ಲಿರುವ ಕಂಪ್ಯೂಟರ್ ಅದು. ನಾವೇ ಅದರ ದಾರಿ ಕಾಯಬೇಕು.

ಕಳೆದ ಸುಗ್ಗಿಯಲ್ಲಿ ಕಲಬುರಗಿಯಿಂದ ಶರಣಸಿರಸಗಿಯ ಕಡೆ ಹೋಗಿದ್ದೆ. ದಾರಿಯಲ್ಲಿ ಒಂದು ಪಡಿತರದ ಅಂಗಡಿಯ ಮುಂದೆ ಜನ ಚೀಲ ಹಿಡಿದು ಸಾಲಾಗಿ ನಿಂತಿದ್ದರು.

“ಸರ್ವರ್ ಬಂದಿಲ್ರೀ, ನಾಳಿ ಬರ್ರಿ” ಎಂದ ಅಂಗಡಿಯವನು.

“ನಿನ್ನಿನೂ ಹಿಂಗೇ ಅಂದಿ. ಅಂವಂದು ಯಾವ ಊರಪಾ? ನಾವೇ ಹೋಗಿ ಕರಕೊಂಡ್ ಬರ್ತೀವಿ” ಎಂದಳು ಒಬ್ಬ ಮುದುಕಿ.

ಎಲ್ಲರೂ ನಕ್ಕರು. ನಗದವಳು ಅವಳೊಬ್ಬಳೇ. ತೊಗರಿ ಕೊಯ್ಯುವ ಎರಡು ದಿನದ ಕೂಲಿ ಅವಳ ಕೈತಪ್ಪಿತ್ತು. ಅಕ್ಕಿಯ ಮೂಟೆ ಕಣ್ಣೆದುರಿಗೇ ಇದೆ, ಹೆಬ್ಬೆಟ್ಟು ಕೈಯಲ್ಲೇ ಇದೆ. ಆದರೆ ಈ ಹೆಬ್ಬೆಟ್ಟು ಇವಳದೇ ಎಂದು ದೂರದ ಸರ್ವರ್ ಹೂಂಗುಟ್ಟದೆ ಒಂದು ಕಾಳೂ ಅಲುಗದು. ಹಳಗನ್ನಡದಲ್ಲಿ ‘ಸರ್ವರ್’ ಎಂದರೆ ಎಲ್ಲರೂ ಎಂದರ್ಥ. ಅಲ್ಲಿ ಸರ್ವರೂ ಬಂದಿದ್ದರು. ಸರ್ವರ್ ಮಾತ್ರ ಬಂದಿರಲಿಲ್ಲ.

ಈ ಇಂಗ್ಲಿಷ್ ಮಾತಿನ ಬೇರು ಲ್ಯಾಟಿನ್ನಿನ ‘ಸೆರ್ವುಸ್’. ಗುಲಾಮನೆಂದು ಅದರ ಅರ್ಥ. ಕಂಪ್ಯೂಟರಿನವರು ಮಾತನ್ನು ಎತ್ತಿಕೊಂಡದ್ದು ಸರದಿಯ ಗಣಿತದಿಂದ. ಸಾಲಿನಲ್ಲಿ ನಿಂತವರು ಎಷ್ಟು ಹೊತ್ತು ಕಾಯಬೇಕಾದೀತೆಂದು ಲೆಕ್ಕ ಹಾಕುವ ಶಾಸ್ತ್ರವದು. 1953ರಲ್ಲಿ ಡೇವಿಡ್ ಕೆಂಡಲ್ ಬರೆದ ಪ್ರಬಂಧದಲ್ಲಿ, ಸಾಲಿನವರ ಕೆಲಸ ತೀರಿಸಿಕೊಡುವವನೇ ಸರ್ವರ್. ಮುಂದೆ 1990ರ ಸುಮಾರಿಗೆ ಟಿಮ್ ಬರ್ನರ್ಸ್-ಲೀ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್ ಸರ್ವರ್ ನಡೆಸಿದಾಗ, ‘ಇದು ಸರ್ವರ್, ಆರಿಸಬೇಡಿ’ ಎಂಬರ್ಥದ ಚೀಟಿಯೊಂದನ್ನು ಕೆಂಪು ಶಾಯಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದ್ದರು. ಒಂದು ಆರಿದರೆ ಅದನ್ನು ನಂಬಿದವರೆಲ್ಲ ಬಾಯಿ ಬಿಡಬೇಕಾಗುತ್ತದೆಂದು ಅಂದೇ ಗೊತ್ತಿತ್ತು.

ಬಡಿಸುವ ಮಾತು ಕಲಬುರಗಿಯವರಿಗೆ ಹೊಸದಲ್ಲ. ಇದು ಶರಣಬಸವೇಶ್ವರರ ದಾಸೋಹದ ಊರು. ಹೊಲಕ್ಕಿಳಿದ ಹಕ್ಕಿಗಳಿಗೂ ಅವರು ಕಾಳು ಬಿಟ್ಟರೆಂದು ಈ ಕಡೆ ಇಂದಿಗೂ ಕಥೆ ಹೇಳುತ್ತಾರೆ. ದಾಸೋಹದಲ್ಲಿ ಬಡಿಸುವವನು ದಾಸ, ಉಣ್ಣುವವನು ದೊಡ್ಡವನು. ‘ದಾಸ’ನಿಗೂ ‘ಸೆರ್ವುಸ್’ಗೂ ಅರ್ಥ ಒಂದೇ, ನಡತೆ ಮಾತ್ರ ಬೇರೆಯಾಯಿತು.

ಗುರುತೇ ಬೇಡವೆಂದು ನಾನು ಹೇಳುವುದಿಲ್ಲ; ಬಡವರ ಅಕ್ಕಿಗೆ ಕಳ್ಳರು ಕಡಿಮೆಯಿಲ್ಲ. ‘ಸರ್ವರ್’ಗೆ ಕನ್ನಡ ಮಾತು ಹುಡುಕುವ ಆತುರವೂ ನನಗಿಲ್ಲ. ಅದು ಬರದ ದಿನ ಒಂದು ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಅಕ್ಕಿ ಅಳೆದು ಕೊಡುವ ರೂಢಿ ಎಲ್ಲ ಕಡೆ ಬಂದರೆ ಸಾಕು. ಯಂತ್ರ ಎದ್ದಾಗ ಲೆಕ್ಕ ಒಪ್ಪಿಸಿಕೊಳ್ಳಲಿ. ಕಾಯುವುದು ಆಳಿನ ಪಾಲಿಗಿರಲಿ.