ಕೊಕ್ಕೆಯಿಲ್ಲದ ವಿಮಾನ

ಪುಟ್ಟ ಮಾದರಿಗಳನ್ನು ಮಾಡುವವರಲ್ಲಿ ಎರಡು ಪಂಗಡ. ನೋಡಲು ಚೆನ್ನಾಗಿದ್ದರೆ ಸಾಕು ಎನ್ನುವವರು ಒಂದು ಕಡೆ; ಇದ್ದದ್ದು ಇದ್ದ ಹಾಗೆಯೇ ಬರಬೇಕು ಎಂದು ಹಟ ಹಿಡಿಯುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಗಡದವನು. ಮನೆಯವರ ಪ್ರಕಾರ ಇದು ಹವ್ಯಾಸವಲ್ಲ, ಗೀಳು. ಅಂಗೈ ಅಗಲದ ರೆಕ್ಕೆಗೆ ಬಣ್ಣ ಹಚ್ಚಲು ಮೂರು ಭಾನುವಾರ ಕಳೆಯುವವನ ಬಗ್ಗೆ ಅವರು ಬೇರೇನು ತಾನೇ ಹೇಳಿಯಾರು!

ಆ ರೆಕ್ಕೆ ಸಾಪ್‌ವಿತ್ ಪಪ್ ಎಂಬ ಬ್ರಿಟಿಷ್ ವಿಮಾನದ್ದು. ಮೊದಲ ಮಹಾಯುದ್ಧದ ಕಾಲದ, ಒಂದರ ಮೇಲೊಂದು ರೆಕ್ಕೆಯಿದ್ದ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ಹಗುರ ಯಂತ್ರ ಅದು. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 8 ಮೀಟರ್. 72ರಲ್ಲಿ ಒಂದು ಪಾಲಿಗೆ ಇಳಿಸಿದರೆ 11 ಸೆಂಟಿಮೀಟರ್. ಪ್ರೊಪೆಲರ್ ಜೊತೆಗೆ ಇಡೀ ಎಂಜಿನ್ನೇ ಗಿರಗಿರನೆ ತಿರುಗುತ್ತಿತ್ತು. ಆ ಎಂಜಿನ್ನಿಗೆ ಹಾಕುತ್ತಿದ್ದುದು ನಮ್ಮ ಅಜ್ಜಿಯರು ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಅದು ಹೊರಕ್ಕೆ ಸಿಡಿದು ವಿಮಾನದ ಮೈಗೆ ಮೆತ್ತಿಕೊಳ್ಳುತ್ತಿದ್ದುದರಿಂದ ನನ್ನ ಮಾದರಿಯ ಹೊಟ್ಟೆಗೂ ಜಿಡ್ಡಿನ ಕಲೆ ಬಳಿಯಬೇಕಾಯಿತು.

ಬಣ್ಣದ್ದೇ ದೊಡ್ಡ ತಕರಾರು. ಆಗಿನ ಫೋಟೋಗಳು ಕಪ್ಪು-ಬಿಳುಪು. ಅದರಲ್ಲೂ ಆ ಕಾಲದ ಎಷ್ಟೋ ಫಿಲಂಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಾಗಿಯೂ ಮೂಡುತ್ತಿತ್ತು. ರೆಕ್ಕೆಯ ಮೇಲಿನ ನೀಲಿ-ಬಿಳಿ-ಕೆಂಪು ಚಕ್ರವನ್ನು ಫೋಟೋ ನಂಬಿ ಬರೆದರೆ ಕೆಟ್ಟಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿರಬೇಕು.

“ಇಷ್ಟೆಲ್ಲ ಯಾರು ನೋಡ್ತಾರೆ ಚಿಕ್ಕಪ್ಪ?” ಎಂದ ಅಣ್ಣನ ಮಗ. ಆಮೇಲೆ ಬಾಲದ ಕಡೆ ಬಗ್ಗಿ ನೋಡಿ, “ಹಡಗಿನ ಮೇಲೆ ಇಳಿಯೋ ವಿಮಾನ ಅಂದಿರಿ. ಕೊಕ್ಕೆ ಎಲ್ಲಿ?” ಎಂದು ಕೇಳಿದ.

ಪ್ರಶ್ನೆ ಸರಿಯಾದದ್ದೇ. 1911ರ ಜನವರಿ 18ರಂದು ಅಮೆರಿಕದ ಯೂಜೀನ್ ಈಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೆನ್ಸಿಲ್ವೇನಿಯ ಎಂಬ ಯುದ್ಧನೌಕೆಯ ಮೇಲೆ ಇಳಿದಾಗಲೇ ವಿಮಾನಕ್ಕೆ ಕೊಕ್ಕೆಗಳಿದ್ದವು. ಎರಡೂ ತುದಿಗೆ ಮರಳಿನ ಚೀಲ ಕಟ್ಟಿ ಅಡ್ಡಲಾಗಿ ಬಿಗಿದಿದ್ದ ಹಗ್ಗಗಳಿಗೆ ಅವು ಸಿಕ್ಕಿಕೊಂಡು ವಿಮಾನ ನಿಂತಿತು. ಆದರೆ ಆರು ವರ್ಷ ಕಳೆದು, 1917ರ ಆಗಸ್ಟ್ 2ರಂದು, ಸ್ಕಾಪಾ ಫ್ಲೋದಲ್ಲಿ ಎಡ್ವಿನ್ ಡನ್ನಿಂಗ್ ಇಳಿಸಿದ ಪಪ್‌ಗೆ ಕೊಕ್ಕೆಯಿರಲಿಲ್ಲ. ಹಿಂದೆ ಇದ್ದದ್ದು ಮುಂದೆಯೂ ಇದ್ದೇ ಇರುತ್ತದೆ ಎಂದುಕೊಳ್ಳುವಂತಿಲ್ಲ, ನೋಡಿ.

ಅವನು ಇಳಿದದ್ದು ಫ್ಯೂರಿಯಸ್ ಎಂಬ ಹಡಗಿನ ಮೇಲೆ. ಅದಕ್ಕೆ ಆಗ ಮುಂಭಾಗದಲ್ಲಿ ಮಾತ್ರ ವಿಮಾನದ ಡೆಕ್ಕು. ಅದರ ಹಿಂದೆಯೇ ಹಡಗಿನ ಕಟ್ಟಡ. ಡನ್ನಿಂಗ್ ಓಡುತ್ತಿರುವ ಹಡಗಿನ ಪಕ್ಕದಲ್ಲೇ ಹಾರಿ, ಕಟ್ಟಡ ದಾಟಿದೊಡನೆ ಓರೆಯಾಗಿ ಡೆಕ್ಕಿನ ಮೇಲಕ್ಕೆ ಸರಿದ. ಹಡಗಿನ ವೇಗಕ್ಕೆ ಎದುರುಗಾಳಿ ಸೇರಿ, ವಿಮಾನ ಡೆಕ್ಕಿನ ಮೇಲೆ ಹೆಚ್ಚುಕಡಿಮೆ ತೇಲುತ್ತ ನಿಂತಂತಾಯಿತು. ಜೊತೆಗಾರರು ಓಡಿಬಂದು, ವಿಮಾನಕ್ಕೆ ಕಟ್ಟಿದ್ದ ಹಿಡಿಕೆಗಳಿಗೆ ಕೈಹಾಕಿ ಕೆಳಕ್ಕೆಳೆದರು. ಚಲಿಸುವ ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು.

ಐದು ದಿನಗಳ ಮೇಲೆ, ಆಗಸ್ಟ್ 7ರಂದು, ಡನ್ನಿಂಗ್ ಮತ್ತೆ ಪ್ರಯತ್ನಿಸಿದ. ವಿಮಾನ ಡೆಕ್ಕಿನ ಅಂಚು ದಾಟಿ ಸಮುದ್ರಕ್ಕೆ ಬಿತ್ತು. ಅವನು ಮುಳುಗಿ ಸತ್ತ. ವಯಸ್ಸು 25. ಮರುವರ್ಷ ಸೇವೆಗೆ ಬಂದ ಆರ್ಗಸ್ ಹಡಗಿಗೆ ಈ ತುದಿಯಿಂದ ಆ ತುದಿಯವರೆಗೆ ಅಡ್ಡಿಯಿಲ್ಲದ ಡೆಕ್ಕು ಇತ್ತು.

ಇದನ್ನೆಲ್ಲ ಕೇಳಿ ಹುಡುಗ ತುಸು ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದರೆ ಆ ಹಿಡಿಕೆಗಳನ್ನಾದರೂ ಹಾಕಬೇಕಲ್ಲ” ಎಂದ. ಇಬ್ಬರೂ ಕೂತು, ಸೂಜಿದಾರ ಕತ್ತರಿಸಿ, ಭೂತಗನ್ನಡಿ ಹಿಡಿದು ಅಂಟಿಸಿದೆವು.

ಕೊಕ್ಕೆಯನ್ನು ಅಂಟಿಸುವುದು ಇದಕ್ಕಿಂತ ಸುಲಭವಿತ್ತು; ಒಂದು ನಿಮಿಷದ ಕೆಲಸ. ಅಂಟಿಸಿದ್ದರೆ ನೋಡಿದವರು ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಆ ಬಡಪಾಯಿಯನ್ನು ತಡೆದು ನಿಲ್ಲಿಸಲು ಅಂದು ಗೆಳೆಯರ ಕೈಗಳ ಹೊರತು ಬೇರೇನೂ ಇರಲಿಲ್ಲ ಎಂಬ ಸಂಗತಿ, ನಮ್ಮ ಮನೆಯ ಶೋಕೇಸಿನ ಮಟ್ಟಿಗಾದರೂ, ಅಳಿಸಿಹೋಗುತ್ತಿತ್ತು.