ಚೀಕಲಪರ್ವಿಯ ಬಿಸಿಲು

ತುಂಗಭದ್ರೆಯ ದಡದಲ್ಲಿರುವ ಚೀಕಲಪರ್ವಿ ಮಾನ್ವಿ ಸೀಮೆಯ ಗ್ರಾಮ. ಹರಿದಾಸ ಶ್ರೇಷ್ಠರಾದ ವಿಜಯದಾಸರ (1682–1755) ಜನ್ಮಸ್ಥಳ. ವೈಶಾಖದಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಮೀರುವುದುಂಟು. ಸಂತೆಯಿಂದ ತಂದ ಕಾಯಿಪಲ್ಲೆ ಎರಡೇ ದಿನಗಳಲ್ಲಿ ಬಾಡಿಹೋಗುತ್ತದೆ. ಆದರೆ ಬಾಡಿಸುವ ಆ ಬಿಸಿಲನ್ನೇ ಈ ನಾಡಿನ ಗೃಹಿಣಿಯರು ಕಾಪಿಡುವ ಕೆಲಸಕ್ಕೆ ಹಚ್ಚಿದ್ದಾರೆ!

ಹಸಿಮೆಣಸಿನಕಾಯಿಯನ್ನು ಸೀಳಿ, ರಾತ್ರಿಯೆಲ್ಲ ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ನೆನೆಯಿಟ್ಟು, ಹಗಲು ಮಾಳಿಗೆಯ ಮೇಲೆ ಹರವುತ್ತಾರೆ. ಮಜ್ಜಿಗೆ ಇಂಗಿ ತೀರುವವರೆಗೂ ಇದೇ ಕ್ರಮ. ಉಪ್ಪು ಕಾಯಿಯೊಳಗಣ ನೀರನ್ನು ಹೊರಗೆಳೆಯುತ್ತದೆ, ಬಿಸಿಲು ಅದನ್ನು ಹೀರುತ್ತದೆ. ನೀರಿಲ್ಲದೆಡೆ ಬೂಷ್ಟು ಬೆಳೆಯದು. ಅರೆಬರೆ ಒಣಗಿದ ನಾಲ್ಕು ಕಾಯಿ ಉಳಿದರೂ ಭರಣಿಯೇ ಕೆಟ್ಟು, ಇಡೀ ವರ್ಷದ ಶ್ರಮ ನೀರುಪಾಲಾದೀತು.

ಮುಂದೆ ಮಳೆ ಹಿಡಿದು ಸಂತೆ ಬರಿದಾದ ದಿನ, ಜೋಳದ ರೊಟ್ಟಿಯ ಬದಿಗೆ ಕರಿದ ಬಾಳಕ ಬೀಳುತ್ತದೆ. ಬಡವರ ಮನೆಯಲ್ಲಿ ಅಂದಿನ ಊಟದ ಮಾನವನ್ನು ಕಾಯುವುದು ವೈಶಾಖದ ಆ ಬಿಸಿಲೇ.