ಹೆಸರು ಬೇಡವೆಂದ ಹೆಂಗಸು

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಆಳೆತ್ತರದ ಒಂದು ಚಿತ್ರ ಇದೆ. ಡೆನ್ಮಾರ್ಕಿನ ಕ್ರಿಸ್ಟೀನಾಳದ್ದು. ಹದಿನಾರರ ಹುಡುಗಿ, ಆಗಲೇ ವಿಧವೆ, ಮೈತುಂಬ ಕಪ್ಪು ಬಟ್ಟೆ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಹೆಣ್ಣು ಹುಡುಕುತ್ತಿದ್ದಾಗ, 1538ರಲ್ಲಿ, ಇವಳ ಚಿತ್ರ ಬರ್ಕೊಂಡು ಬಾ ಅಂತ ಹೋಲ್ಬೈನ್ ಎಂಬ ಕಲಾವಿದನನ್ನ ಬ್ರಸೆಲ್ಸಿಗೆ ಕಳಿಸಿದ್ರು. ಅವನಿಗೆ ಸಿಕ್ಕಿದ್ದು ಬರೀ ಮೂರು ಗಂಟೆ. ಮದುವೆಯಂತೂ ಆಗ್ಲಿಲ್ಲ, ಚಿತ್ರ ಮಾತ್ರ ಉಳೀತು. ನಮ್ಮ ಮ್ಯಾಟ್ರಿಮೋನಿ ಫೋಟೋಗಳಿಗೆಲ್ಲ ಇದು ಮುತ್ತಜ್ಜಿ ಇರಬೇಕು :-)

ನಾನು ಹೇಳಬೇಕು ಅಂದುಕೊಂಡಿದ್ದು ಆಮೇಲಿನ ಕತೆ. ಈ ಚಿತ್ರ ನಾರ್ಫೋಕಿನ ಡ್ಯೂಕ್ ಮನೆತನದ ಸ್ವತ್ತಾಗಿತ್ತು. ಗ್ಯಾಲರಿಗೆ ಹಲವು ವರ್ಷ ಎರವಲು ಕೊಟ್ಟಿದ್ರು. ನೋಡಿ ನೋಡಿ ಜನ ಅದನ್ನ ತಮ್ಮದೇ ಅಂದುಕೊಂಡಿದ್ರು. 1909ರಲ್ಲಿ ಡ್ಯೂಕ್ ಅದನ್ನ ಮಾರಿಬಿಟ್ಟ. ಕೊಂಡ ವ್ಯಾಪಾರಿಗಳು ಗ್ಯಾಲರಿಗೆ ಹೇಳಿದ ಬೆಲೆ 72,000 ಪೌಂಡ್. ಅದಕ್ಕೂ ಒಂದು ಗಡುವು!

ಆಗ ಮುಂದೆ ಬಂದದ್ದು ನ್ಯಾಷನಲ್ ಆರ್ಟ್ ಕಲೆಕ್ಷನ್ಸ್ ಫಂಡ್. 1903ರಲ್ಲಿ ಕೆಲವು ಕಲಾಸಕ್ತರು ಸೇರಿ ಕಟ್ಟಿದ ಸಂಸ್ಥೆ ಇದು. ಸದಸ್ಯರ ವಂತಿಗೆ, ದಾನಿಗಳ ಕಾಣಿಕೆ ಸೇರಿಸಿ ಕಲಾಕೃತಿ ಕೊಳ್ಳೋದು, ಸಾರ್ವಜನಿಕ ಮ್ಯೂಸಿಯಮ್ಮಿಗೆ ಕೊಟ್ಟುಬಿಡೋದು. 1906ರಲ್ಲಿ 45,000 ಪೌಂಡ್ ಕೂಡಿಸಿ ವೆಲಾಸ್ಕೆಸ್‌ನ 'ರೋಕ್‌ಬಿ ವೀನಸ್' ಚಿತ್ರವನ್ನ ಹೀಗೇ ಕೊಟ್ಟಿದ್ರು. ಹನಿ ಹನಿ ಕೂಡಿ ಹಳ್ಳ ಅಂತೀವಲ್ಲ, ಹಾಗೆ.

ಆದ್ರೆ ಈ ಸಲ ಹಳ್ಳ ತುಂಬಲಿಲ್ಲ. ಗಡುವು ಹತ್ತಿರ ಬಂದರೂ ಇನ್ನೂ 40,000 ಪೌಂಡ್ ಬೇಕಿತ್ತು. ಕೊನೇ ಗಳಿಗೆಯಲ್ಲಿ ಅಷ್ಟನ್ನೂ ಒಬ್ಬ ಹೆಂಗಸು ಕೊಟ್ಟಳು. ನನ್ನ ಹೆಸರು ಎಲ್ಲೂ ಬರಬಾರದು ಅಂದಳಂತೆ. ಸಂಸ್ಥೆಯೂ ಹೇಳಲಿಲ್ಲ.

ಅಷ್ಟು ದುಡ್ಡಲ್ಲಿ ಒಂದು ಆಸ್ಪತ್ರೆ ಕಟ್ಟಬಹುದಿತ್ತಲ್ವಾ? ನನಗೂ ಹಾಗನ್ನಿಸ್ತು. ಈ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಗೊತ್ತು. ಆಸ್ಪತ್ರೆಯನ್ನ ತಡವಾಗಿಯಾದ್ರೂ ಕಟ್ಟಬಹುದು. ಈ ಚಿತ್ರ ಇರೋದು ಒಂದೇ. ಅವತ್ತು ಯಾವನೋ ಸಾಹುಕಾರನ ಮನೆ ಸೇರಿದ್ದಿದ್ರೆ, ಮತ್ತೆ ನೋಡೋಕೆ ಅವನು ಬಾಗಿಲು ತೆಗೀಬೇಕಿತ್ತು.

ಆ ಸಂಸ್ಥೆ ಈಗ ಆರ್ಟ್ ಫಂಡ್ ಅನ್ನೋ ಹೆಸರಲ್ಲಿ ಮ್ಯೂಸಿಯಮ್ಮುಗಳಿಗೆ ಕಲಾಕೃತಿ ಕೊಳ್ಳೋಕೆ ನೆರವು ಕೊಡ್ತಿದೆ. ನ್ಯಾಷನಲ್ ಗ್ಯಾಲರಿಯ ಕಾಯಂ ಸಂಗ್ರಹ ನೋಡೋಕೆ ಟಿಕೆಟ್ಟಿಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗನೂ ಆ ಕಪ್ಪು ಬಟ್ಟೆಯ ಹುಡುಗಿಯ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಅವನು ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅನ್ನೋದು ಮಾತ್ರ ಅವನಿಗೆ ಗೊತ್ತಾಗೋದೇ ಇಲ್ಲ. ಅವಳಿಗೆ ಬೇಕಾಗಿದ್ದೂ ಅದೇ ಏನೋ...